ನಡುಮನೆಗೆ ಬಂದ ಗಾಜಿನ ಸೂರು

ತರೀಕೆರೆಯ ನಮ್ಮ ಮನೆಗೆ ಎರಡು ಪಕ್ಕದಲ್ಲೂ ಬೇರೆಯವರ ಗೋಡೆ. ನಡುಮನೆಗೆ ಕಿಟಕಿ ಇಡಲು ಜಾಗವಿಲ್ಲ, ನನ್ನ ಹೊಲಿಗೆ ಮಷೀನು ಇರುವುದು ಅಲ್ಲೇ. ಹಗಲೂ ಟ್ಯೂಬ್‌ಲೈಟು ಹಾಕಿಕೊಂಡು ರವಿಕೆ ಹೊಲಿಯುತ್ತಿದ್ದೆ. ದಾರದ ಬಣ್ಣ ನೋಡಲು ಮಾತ್ರ ಬಟ್ಟೆ ಹಿಡಿದು ಜಗಲಿಗೆ ಓಡಬೇಕಿತ್ತು, ಟ್ಯೂಬ್‌ಲೈಟನ್ನು ನಂಬಿದ ಟೈಲರು ಉದ್ಧಾರವಾದದ್ದಿಲ್ಲ.

ಹೋದ ವರ್ಷ ತಂಗಿಯ ಮಗಳ ಬಾಣಂತನಕ್ಕೆಂದು ಪಂಚನಹಳ್ಳಿಗೆ ಹೋಗಿದ್ದೆ. ಬರುವಷ್ಟರಲ್ಲಿ ನನ್ನ ಗಂಡ ತಾರಸಿ ಕೊರೆಸಿ, ಅಲ್ಯೂಮಿನಿಯಂ ಚೌಕಟ್ಟು ಕೂರಿಸಿ, ಗಾಜು ಹಾಕಿಸಿಬಿಟ್ಟಿದ್ದರು. "ಎರಡು ಗಾಜು ಸೇರಿಸಿ ಅಂಟಿಸಿರದು ಕಣೇ. ನಮ್ಮ ಬಸ್ಸಿನ ಮುಂದಿನ ಗಾಜಿನ ಥರ. ಒಡೆದ್ರೂ ತಲೆ ಮೇಲೆ ಉದುರಲ್ಲ" ಎಂದರು. ಬಸ್ಸಿನ ಡ್ರೈವರು ಅವರು, ಗಾಜೆಂದರೆ ಮೊದಲು ಒಡೆಯುವುದೇ ನೆನಪಾಗುತ್ತದೆ.

ನನಗೆ ಒಡೆಯುವ ಯೋಚನೆಯೇ ಬರಲಿಲ್ಲ. ಮೇಲಿನಿಂದ ತಂಪಾದ ಬೆಳಕು ಸದ್ದಿಲ್ಲದೆ ಇಳಿದು ಮಷೀನಿನ ಮೇಲೆ ಕೂರುತ್ತಿತ್ತು. ಪಕ್ಕದ ಮನೆಯ ತೆಂಗಿನ ಗರಿಯ ನೆರಳು ನೆಲದಲ್ಲಿ ಆಡುತ್ತಿತ್ತು. ಮಳೆ ಬಂದರೆ ನೀರಿನ ನೆರಳು ಬಟ್ಟೆಯ ಮೇಲೆ, ನನ್ನ ಕೈಗಳ ಮೇಲೆ ಹರಿಯುತ್ತಿತ್ತು. ಕಾಲು ಪೆಡಲಿನ ಮೇಲೆಯೇ ಇರುತ್ತಿತ್ತು, ತುಳಿಯುವುದು ಮರೆತುಹೋಗುತ್ತಿತ್ತು. ಅಳತೆ ಕೊಡಲು ಬಂದ ಹೆಂಗಸರೂ ಎದ್ದು ಹೋಗುತ್ತಿರಲಿಲ್ಲ, ಮಾತಿಲ್ಲದೆ ಮೇಲೆ ನೋಡುತ್ತ ಕೂರುತ್ತಿದ್ದರು.

ಬಿಸಿಲೇ ಮನೆಯೊಳಗೆ ಬಂದ ಮೇಲೆ ಜಗಲಿಗೇಕೆ ಹೋಗುವುದು? ದಾರವನ್ನೂ ಒಳಗೇ ಆರಿಸತೊಡಗಿದೆ.

ಒಂದು ದಿನ ಅಜ್ಜಂಪುರದ ಟೀಚರೊಬ್ಬರು ರವಿಕೆ ವಾಪಸ್ಸು ತಂದರು. "ಇದೇನ್ರೀ, ಕುಂಕುಮದ ಬಣ್ಣಕ್ಕೆ ಈ ದಾರ ಹಾಕಿದೀರಾ?" ಜಗಲಿಯಲ್ಲಿ ನಿಂತು ನೋಡಿದೆ. ದಾರ ನೇರಳೆ ಬಣ್ಣದ್ದಾಗಿತ್ತು. ಹೊಲಿಯುವಾಗ ಎರಡೂ ಒಂದೇ ಆಗಿ ಕಂಡಿದ್ದವು.

ಅಮ್ಮನ ಕಣ್ಣು ಹೋದದ್ದೂ ಹೀಗೇ. ಮೊದಲು ಬಣ್ಣಗಳು ಕೈಕೊಟ್ಟವು, ಆಮೇಲೆ ಮುಖಗಳು.

ಯಾರಿಗೂ ಹೇಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುತ್ತಾರಲ್ಲ, ನನ್ನ ಪಾಲಿಗೆ ಅದು ಬರೀ ಗಾದೆಯಾಗಿರಲಿಲ್ಲ. ಇನ್ನೂ ಕೆಲವು ದಾರಗಳು ತಪ್ಪಿದವು. ಡಾಕ್ಟರ ಹತ್ತಿರ ಹೋಗಲು ಭಯ, ಹೌದು ಎಂದುಬಿಟ್ಟರೆ? ಅದರ ಬದಲು ಎಲ್ಲವನ್ನೂ ನೋಡಿಟ್ಟುಕೊಳ್ಳತೊಡಗಿದೆ. ಗರಿಯ ನೆರಳು, ಹಾಲು ಉಕ್ಕುವುದು, ಊಟ ಮಾಡುವಾಗಿನ ಗಂಡನ ಮುಖ. ಆ ಮನುಷ್ಯ ಅನ್ನ ಕಲೆಸುವಾಗ ಹುಬ್ಬು ಗಂಟಿಕ್ಕುತ್ತಾರೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲ.

ಗಾಳಿ ಬೀಸಿದ ಮರುದಿನ ಗಾಜಿನ ಮೇಲಿನ ಕಸ ಗುಡಿಸಲು ತಾರಸಿ ಹತ್ತಿದೆ. ಒರೆಸಿ ಕೆಳಗೆ ಬಗ್ಗಿ ನೋಡಿದರೆ, ಮಷೀನಿನ ಮೇಲೆ ಬಿಟ್ಟುಬಂದಿದ್ದ ಬಿಳಿ ಲಂಗದ ಬಟ್ಟೆ ಆಕಾಶದ ಬಣ್ಣಕ್ಕಿತ್ತು. ಪಕ್ಕದಲ್ಲಿ ಕಾಫಿ ಲೋಟ ಹಿಡಿದು ನಿಂತ ನನ್ನ ಗಂಡ, ಬಿಳಿ ಬನಿಯನ್ ಸಮೇತ, ನೀಲಿ.

ಇಷ್ಟು ದಿನ ಕೆಳಗಿನಿಂದ ಕಂಡ ನೀಲಿ ಆಕಾಶದ್ದೇ ಅಂದುಕೊಂಡಿದ್ದೆ. ದಡದಡ ಇಳಿದು ಬಂದೆ. "ರೀ, ಇದು ನೀಲಿ ಗಾಜಾ?"

"ಹೂಂ. ನೀನೇ ಅಲ್ವೇನೇ, ಲಕ್ಕವಳ್ಳಿ ಡ್ಯಾಮ್ ಹತ್ರ ನಿಂತ್ಕಂಡು, ಈ ನೀರಿನ ಕೆಳಗೆ ಒಂದ್ಸಲ ಕೂತು ಮೇಲೆ ನೋಡ್ಬೇಕು ಅಂದಿದ್ದು? ಅಂಗಡಿಯೋನು ಬಿಳೀದು ತಗಳಿ ಅಂದ. ನಾನೇ ಹಟ ಮಾಡಿ ಇದನ್ನ ತಂದೆ."

ಅಂದದ್ದು ನನಗೆ ನೆನಪಿರಲಿಲ್ಲ. ಅಲ್ಲೇ ಕೂತು ಅತ್ತುಬಿಟ್ಟೆ. "ನನ್ ಕಣ್ಣು ಹೋಯ್ತು ಅಂದ್ಕಂಡಿದ್ದೆ ಕಣ್ರೀ."

ಅವರು ಲೋಟ ಕೆಳಗಿಟ್ಟರು. "ಅದಕ್ಕಾ ಊಟಕ್ಕೆ ಕೂತಾಗೆಲ್ಲ ನನ್ ಮುಖ ಹಂಗ್ ನೋಡ್ತಿದ್ದಿದ್ದು? ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ಸಿಟ್ಟು ಅಂದ್ಕಂಡಿದ್ದೆ" ಎಂದರು.

ಗಾಜು ಬದಲಾಯಿಸಲು ನಾನು ಬಿಡಲಿಲ್ಲ. ದಾರದ ಡಬ್ಬಿ ಜಗಲಿಗೆ ಹೋಯಿತು, ನಾನು ನೀರಿನ ಕೆಳಗೇ ಉಳಿದೆ. ಊಟಕ್ಕೆ ಕೂತಾಗ ಈಗ ಅವರು ಅನ್ನ ಕಲೆಸುವುದನ್ನು ನಿಲ್ಲಿಸಿ ತಲೆ ಎತ್ತುತ್ತಾರೆ, ನಾನು ನೋಡುತ್ತಿದ್ದೇನೋ ಇಲ್ಲವೋ ಎಂದು. ನೋಡುತ್ತಿರುತ್ತೇನೆ.