ಎಲೆಯಿಲ್ಲದ ತುಂಬೆ

ನಿನ್ನೆ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆ. ನನ್ನಾಕೆ ಪಾರ್ವತಿ ದಾವಣಗೆರೆಯ ತಮ್ಮನ ಮನೆಗೆ ಹೊರಟಿದ್ದಾಳೆ, ಹಣ್ಣು ಬೇಕಿತ್ತು. ಅಲ್ಲಿ ತುಂಬೆ ಹೂವನ್ನು ಪ್ಲಾಸ್ಟಿಕ್ ಕವರಿಗೆ ತುಂಬಿ ಮಾರುತ್ತಿದ್ದರು. ಬರೀ ಹೂವು, ಅನ್ನದ ಅಗುಳಿನ ಹಾಗೆ ಬೆಳ್ಳಗೆ.

"ಎಲೆ ಎಲ್ಲಮ್ಮಾ?" ಅಂದೆ.

"ಎಲೆ ಏನ್ ಮಾಡ್ತೀರಾ ತಾತ, ಪೂಜೆಗೆ ಹೂವ ತಾನೆ?" ಎಂದು ಮಾರುವಾಕೆ ನಕ್ಕಳು.

ನಗಲಿ. ಎಲೆ ನೋಡದೆ ತುಂಬೆ ಕೊಳ್ಳುವ ಆಸಾಮಿಯಲ್ಲ ನಾನು. ನನ್ನನ್ನು ಹಾಗೆ ಮಾಡಿಟ್ಟು ಹೋದವರು ನಮ್ಮ ಅತ್ತೆ.

ಎಪ್ಪತ್ತರ ದಶಕದ ಮಾತು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮೇಲೆ ಕೆಲಸಕ್ಕಿದ್ದೆ. ಓದಿದ್ದು ಏಳನೇ ಕ್ಲಾಸು. ಆದರೆ ನಾನು ಕಡೆದ ಶಾಫ್ಟು ಇನ್‌ಸ್ಪೆಕ್ಷನ್‌ನಿಂದ ವಾಪಸ್ ಬಂದದ್ದಿಲ್ಲ. ಇದನ್ನು ಕೇಳದವರಿಗೂ ಹೇಳುತ್ತಿದ್ದೆ, ಈಗ ನಿಮಗೆ ಹೇಳಿದ ಹಾಗೆಯೇ. ಕುರುಬರಹಳ್ಳಿಯಲ್ಲಿ ಸಣ್ಣ ಬಾಡಿಗೆ ಮನೆ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಪಾರ್ವತಿಗೆ ಆಗ ಏಳು ತಿಂಗಳು. ಚೊಚ್ಚಲ ಹೆರಿಗೆಗೆ ಕರೆದೊಯ್ಯಲು ಅವಳ ತಾಯಿ ಶ್ರಾವಣದಲ್ಲಿ ಬಂದಿಳಿದರು.

ಪದ್ಧತಿ, ಬೇಡ ಅನ್ನುವಂತಿಲ್ಲ. ಇನ್ನೊಂದಿಷ್ಟು ದಿನ ಹೆಂಡತಿ ನನ್ನ ಜೊತೆ ಇರಲಿ ಅಂತ ಬಾಯಿಬಿಟ್ಟು ಕೇಳೋಣವೆಂದರೆ ನನ್ನ ಗತ್ತು ಅಡ್ಡ. "ಶ್ರಾವಣ ಮುಗಿಸ್ಕೊಂಡು ಹೊರಡಿ ಅತ್ತೆ" ಅಂದೆ, ಉಪಚಾರಕ್ಕೆಂಬಂತೆ.

"ಶ್ರಾವಣದಾಗ ಲಿಂಗಕ್ಕೆ ದಿನಾ ತುಂಬಿ ಹೂ ಬೇಕ್ರಿ ನನಗೆ. ನಿಮ್ಮ ಬೆಂಗಳೂರಾಗ ಎಲ್ಲಿ ಸಿಗ್ತಾವು?"

"ತುಂಬೆ ತಾನೆ? ನಾನ್ ತರ್ತೀನಿ ಬಿಡಿ."

ಬಸವೇಶ್ವರನಗರ ಆಗಿನ್ನೂ ಸೈಟುಗಳಿಗೆ ಗುರುತಿನ ಕಲ್ಲು ನೆಟ್ಟ ಬಯಲು. ಬೆಳಿಗ್ಗೆ ಶಿಫ್ಟಿಗೆ ಮುಂಚೆ ಸೈಕಲ್ ಏರಿ ಹೋದೆ. ಎತ್ತರದ ಗಿಡ, ದೊಡ್ಡ ದೊಡ್ಡ ಗೊಂಚಲು ಆರಿಸಿ ಟಿಫನ್ ಕ್ಯಾರಿಯರ್ ತುಂಬ ತಂದೆ. ಅತ್ತೆ ಒಂದು ಕಡ್ಡಿ ಎತ್ತಿ ನೋಡಿದರು.

"ಅಳಿಯಂದ್ರೇ, ಇದು ಹೆದ್ದುಂಬಿ. ನಮ್ಮನ್ಯಾಗ ಲಿಂಗಕ್ಕೆ ಏರ್ಸಲ್ಲ."

"ಹೂವು ನೋಡಿ ಅತ್ತೆ, ಒಂದೇ ಅಚ್ಚು!"

"ಹೂವು ಎರಡೂ ಬೆಳ್ಳಗೇ ಇರ್ತಾವು. ಎಲಿ ನೋಡ್ರಿ, ಎಲಿ. ನಾಳೆನೂ ಹಿಂಗಾದ್ರೆ ಸಂಜಿ ಗಾಡಿಗೆ ಹೊಂಟ್ವಿ."

ಒಳಗಿನಿಂದ ಪಾರ್ವತಿ, "ಬದನೆಕಾಯೂ ಹಂಗೇ ಯವ್ವಾ, ದಪ್ಪ ಕಂಡದ್ದೇ ತರ್ತಾರೆ" ಅಂದಳು.

ಆ ಎಲೆಯನ್ನು ಜೇಬಿಗೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಊಟದ ಬಿಡುವಿನಲ್ಲಿ ವರ್ನಿಯರ್ ಹಿಡಿದು ಅಳೆಯುತ್ತಿದ್ದರೆ ಪಕ್ಕದ ಮಿಷನ್ನಿನವನು, "ಏನ್ ಗುರು, ಸೊಪ್ಪಿಗೂ ಟಾಲರೆನ್ಸಾ?" ಎಂದ. ಅಳತೆಗೆ ಸಿಕ್ಕದ್ದು ಕಣ್ಣಿಗೆ ಸಿಕ್ಕಿತು: ಅಗಲ ಎಲೆ, ಅಂಚಿಗೆ ಹ್ಯಾಕ್ಸಾ ಬ್ಲೇಡಿನ ಹಾಗೆ ಹಲ್ಲು. ಮಾರನೆಯ ದಿನ ಅದೇ ಬಯಲಿನಲ್ಲಿ ಕೂತು ಹುಡುಕಿದರೆ, ಹೆದ್ದುಂಬೆಯ ಬುಡದಲ್ಲೇ ಕುಳ್ಳ ಗಿಡ. ಎಲೆ ಸಪೂರ, ಉದ್ದ, ತುದಿ ಮೊಂಡು, ಹಲ್ಲು ಇದ್ದೂ ಇಲ್ಲದ ಹಾಗೆ. ತಂದುಕೊಟ್ಟೆ. ಅತ್ತೆ ಎಲೆಯನ್ನು ಮಗುಚಿ ನೋಡಿ, ಮಾತಾಡದೆ ಪೂಜೆಗೆ ಕೂತರು. ನಮ್ಮ ಇನ್‌ಸ್ಪೆಕ್ಷನ್‌ನವರೂ ಅಷ್ಟೇ, ಪಾಸಾದದ್ದಕ್ಕೆ ಮಾತಾಡುವುದಿಲ್ಲ.

ಆಮೇಲೆ ದಿನವೂ ತಂದೆ. ಹೂವು ತಂದಷ್ಟು ದಿನ ಪಾರ್ವತಿ ಮನೆಯಲ್ಲಿ. ಒಂದು ಬೆಳಿಗ್ಗೆ ಅತ್ತೆ, "ನಾಳೆ ಬೇರು ಸಮೇತ ತನ್ರಿ" ಅಂದರು. ಗಿಡವನ್ನೂ ಮಗಳನ್ನೂ ಒಟ್ಟಿಗೇ ಕರೆದುಕೊಂಡು ಹೊರಟರು ಅಂದುಕೊಂಡೆ. ತಂದುಕೊಟ್ಟರೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಟ್ಟರು.

"ನೆಟ್ಟ ಮ್ಯಾಲೆ ಹೂ ಬಿಡೋತನಕ ಇರಬೇಕಲ್ರಿ" ಎಂದರು, ನನ್ನ ಮುಖ ನೋಡದೆ.

ಕಿತ್ತು ನೆಟ್ಟ ತುಂಬೆ ಸುಲಭಕ್ಕೆ ಬೇರು ಹಿಡಿಯುವುದಿಲ್ಲ. ಹೊಲದ ಹೆಣ್ಣುಮಗಳು, ಅವರಿಗೆ ಗೊತ್ತಿಲ್ಲದ್ದೇ? ಅದು ಬಾಡಿತು. "ಇನ್ನೊಂದು ತನ್ರಿ" ಅಂದರು. ಅದೂ ಬಾಡಿತು. ಶ್ರಾವಣ ಹಾಗೆ ಕಳೆಯಿತು. ನಾನು ಕೇಳಲಾರದೆ ಹೋದದ್ದನ್ನು ಅವರು ಕೇಳಿಸಿಕೊಂಡಿದ್ದರು.

ನಿನ್ನೆ ಕವರಿನ ಹೂವು ಕೊಳ್ಳಲಿಲ್ಲ. ಬರುವಾಗ ಖಾಲಿ ಸೈಟಿನ ಮೋರಿ ಪಕ್ಕ ಕಂಡ ಗಿಡವೊಂದನ್ನು, ಮಂಡಿ ನೋವಿಗೆ ಬೈದುಕೊಳ್ಳುತ್ತಾ, ಬೇರು ಸಮೇತ ಎಬ್ಬಿಸಿದೆ. ಮನೆಯಲ್ಲಿ ಪಾರ್ವತಿ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದಳು.

"ಹಣ್ಣು ಎಲ್ರೀ? ಇದೇನು, ಒಂದು ಹೂವೂ ಇಲ್ಲ!"

"ಎಲೆ ನೋಡು" ಅಂದೆ. ಆಮೇಲೆ, ಇಷ್ಟು ವರ್ಷಕ್ಕೆ ಮೊದಲ ಸಲ, ನನ್ನ ಬಾಯಲ್ಲೇ ಹೇಳಿದೆ: "ಹೂ ಬಿಡೋತನಕ ಇದ್ದು ಹೋಗೇ."

ಅವಳು ಎಲೆಯನ್ನು ಮಗುಚಿ ನೋಡಿದಳು, ಥೇಟ್ ಅವರಮ್ಮನ ಹಾಗೆ. "ಇದು ಬೇರು ಹಿಡಿಯಲ್ಲ ಕಣ್ರೀ."

"ಹಿಡೀದಿದ್ರೆ ಇನ್ನೊಂದು ತರ್ತೀನಿ."