ಅವ್ವನ ಫೋಟೊಗೆ ಯಾವ ಬಣ್ಣ

ಅವ್ವ ತೀರಿಕೊಂಡ ಐದನೇ ದಿನ ನಾನೂ ಚಿಕ್ಕಪ್ಪನೂ ನಂಜನಗೂಡಿನ ಸ್ಟುಡಿಯೊಗೆ ಹೋದೆವು. ಹನ್ನೊಂದನೇ ದಿನದ ಕಾರ್ಯಕ್ಕೆ ಅವಳದೊಂದು ದೊಡ್ಡ ಫೋಟೊ ಬೇಕಿತ್ತು. ಚಿಕ್ಕಪ್ಪನನ್ನು ನಾನು ಕರೆದಿರಲಿಲ್ಲ. ಎಲ್ಲಿ ಬುದ್ಧಿ ಹೇಳಲು ಅವಕಾಶವಿದೆಯೋ ಅಲ್ಲಿಗೆ ಆತ ತಾನಾಗಿಯೇ ಬರುತ್ತಾನೆ. ನರಸೀಪುರದಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ತನ್ನ ಹುಟ್ಟುಹಬ್ಬಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ತಾನೇ ಫ್ಲೆಕ್ಸ್ ಹಾಕಿಸಿಕೊಳ್ಳುವ ಮನುಷ್ಯ. ಆ ಫ್ಲೆಕ್ಸಿನಲ್ಲಿ ಅವನ ತುಟಿಗಿರುವ ಕೆಂಪು ನಮ್ಮ ಕಡೆ ಮದುಮಗಳಿಗೂ ಇರುವುದಿಲ್ಲ.

ನನ್ನ ಫೋನಿನಲ್ಲಿದ್ದ ಫೋಟೊ ನೋಡಿ ಸ್ಟುಡಿಯೊದವನು ರಾಗ ಎಳೆದ. "ಅಕ್ಕಾ, ಇದು ಗ್ರೂಪ್ ಫೋಟೊ. ಅಮ್ಮನ್ ಮುಖ ಒಂದನ್ನೇ ದೊಡ್ಡದು ಮಾಡುದ್ರೆ ಕಲರ್ ಒಡ್ದೋಯ್ತದೆ. ಬ್ಲ್ಯಾಕ್ ಅಂಡ್ ವೈಟ್ ಆದ್ರೆ ಗೊತ್ತಾಗಕಿಲ್ಲ."

"ಅಂಗೇ ಮಾಡು," ಎಂದ ಚಿಕ್ಕಪ್ಪ. "ಸತ್ತೋರ್ ಫೋಟೊ ಕಪ್ಪುಬಿಳುಪಲ್ಲಿದ್ರೇ ಲಕ್ಷಣ. ಅಣೆ ಮ್ಯಾಲಿರೋ ಕುಂಕ್ಮ ಅಳಿಸಿ ಮೂರು ಗೆರೆ ಇಬೂತಿ ಎಳ್ದುಬುಡು."

ಲಕ್ಷಣವಂತೆ! ಅಪ್ಪನ ಫೋಟೊ ಮಾಡಿಸುವಾಗ ಕಲರ್ರೇ ಆಗಬೇಕೆಂದು ಹಠ ಹಿಡಿದು, ಪೇಟಕ್ಕೆ ಇಲ್ಲದ ಜರಿ ಬರೆಸಿದವನು ಇವನೇ. ಹನ್ನೆರಡು ವರ್ಷದ ಹಿಂದೆ ಅಪ್ಪ ಹೋದ ಮೇಲೂ ಅವ್ವ ಕುಂಕುಮ ಬಿಟ್ಟಿರಲಿಲ್ಲ. "ಮದ್ವೆಗೆ ಮುಂಚೇನೂ ಇಟ್ಕತಿದ್ದೆ" ಎಂದಿದ್ದಳು, ಅಷ್ಟೇ. ದಿನಾ ಬೆಳಿಗ್ಗೆ ಕಾಸಿನಗಲ ಕುಂಕುಮ ಇಟ್ಟುಕೊಂಡು, ನಮ್ಮೂರು ಹೆಡತಲೆಯ ಬೀದಿಯಲ್ಲಿ ಎಲ್ಲರ ಮುಂದೆಯೇ ಡೇರಿಗೆ ಹಾಲು ಹಾಕಲು ಹೋಗುತ್ತಿದ್ದಳು. ಆ ಹನ್ನೆರಡು ವರ್ಷವೂ ಚಿಕ್ಕಪ್ಪನಿಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವಳು ಬದುಕಿದ್ದಾಗ ಎದುರು ನಿಂತು ಹೇಳುವ ಧೈರ್ಯವಿಲ್ಲದವನು, ಈಗ ಬಾಡಿಗೆ ಕೈಯಿಂದ ಅವಳ ಹಣೆ ಒರೆಸಲು ಬಂದಿದ್ದ.

"ಕಲರ್ರೇ ಬೇಕು. ಒಡೆದ್ರೆ ಒಡೀಲಿ. ಕುಂಕುಮ ಕೆಂಪಗೆ ಕಾಣ್ಬೇಕು," ಎಂದೆ.

"ಜನ ಏನಂದಾರು ಕಣವ್ವ?"

"ನಿನ್ ಫ್ಲೆಕ್ಸ್ ನೋಡ್ಕಂಡು ಸುಮ್ನಿರೋ ಜನ ಇದಕ್ಕೇನಂತಾರೆ ಚಿಕ್ಕಪ್ಪ?"

ಆತ ಮುಖ ಊದಿಸಿಕೊಂಡು ಹೊರಗೆ ಹೋಗಿ ನಿಂತ. ಅವ್ವನ ಪರವಾಗಿ ಗೆದ್ದೆ ಎಂದು ನನಗೆ ಒಳಗೊಳಗೇ ಜಂಬ.

ಸ್ಟುಡಿಯೊದವನು ಫೋಟೊವನ್ನು ಕಂಪ್ಯೂಟರಿಗೆ ಹಾಕಿದ. ಅವ್ವನ ಒಂದು ಕೆನ್ನೆಗೆ ನಮ್ಮತ್ತೆಯ ಭುಜ ಅಡ್ಡ ಬಂದಿತ್ತು.

"ಯಾವ್ ಫಂಕ್ಷನ್ ಅಕ್ಕಾ ಇದು?"

"ನಮ್ಮನೆ ಗೃಹಪ್ರವೇಶ."

"ನಿಮ್ಮನೇದೇ ಆಗಿ, ಅಮ್ಮನ್ನ ಯಾಕಕ್ಕಾ ಅಷ್ಟು ಹಿಂದೆ ನಿಲ್ಸಿದ್ರಿ?"

ನಾನೇ ನಿಲ್ಲಿಸಿದ್ದೆ. ಕುಂಕುಮ ಇಟ್ಟುಕೊಂಡು ಮುತ್ತೈದೆಯರ ಸಾಲಿನಲ್ಲಿ ನಿಂತರೆ ಅತ್ತೆಮನೆಯವರು ಏನಾದರೂ ಅಂದಾರು, ಸ್ವಲ್ಪ ಹಿಂದೆ ಹೋಗವ್ವ ಎಂದು ಅವಳ ಕಿವಿಯಲ್ಲಿ ಹೇಳಿದ್ದೆ. ಅವಳು ಹಿಂದಕ್ಕೆ ಸರಿದಿದ್ದಳು. ಸರಿದು ನಿಂತು, ಫೋಟೊಗೆಂದು ನಕ್ಕೂ ಇದ್ದಳು.