ಅರ್ಜಿಯ ಮೊದಲ ಪ್ಯಾರಾದಲ್ಲಿ ಆಯಿ

ಕಳಿಸುವ ಮೊದಲು ಅರ್ಜಿಯನ್ನು ಹನ್ನೊಂದು ಸಲ ಓದಿದ್ದೆ. ಹುಟ್ಟಿದ ದಿನಾಂಕ, ಅಂಕಗಳು, ಅಡ್ಡಹೆಸರು ಮೊದಲೋ ಕೊನೆಗೋ, ಎಲ್ಲ ನೋಡಿದ್ದೆ. ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿಗೆ ಹಾಕಿದ ಅರ್ಜಿ ಅದು. ಸೀಟು ಸಿಗದಿದ್ದರೆ ಮಿರಜಿನ ಲ್ಯಾಬಿನಲ್ಲಿ ಇನ್ನೊಂದು ವರ್ಷ ರಕ್ತದ ಸೀಸೆಗಳಿಗೆ ಚೀಟಿ ಅಂಟಿಸಬೇಕು. ಕಳಿಸಿದ ಮೇಲೂ ಫೋನಿನಲ್ಲಿ ಅದನ್ನು ತೆರೆದು ತೆರೆದು ನೋಡುತ್ತಿದ್ದೆ.

“ಪೇಪರ್ ಕೊಟ್ಟ ಬಂದ ಮ್ಯಾಲ ಉತ್ತರಾ ಹೊಂದಿಸಿ ನೋಡಬಾರ್ದವಾ,” ಎಂದರು ಅಪ್ಪ. “ಊಟಾ ಸೇರೂದಿಲ್ಲ.”

ಆಗ ನಾನು ಹುಡುಕುತ್ತಿದ್ದದ್ದು ಅಂಕಿಯ ತಪ್ಪು, ಅಲ್ಪವಿರಾಮದ ತಪ್ಪು. ಮೊದಲ ಪ್ಯಾರಾದ ಬಗ್ಗೆ ಮಾತ್ರ ನನಗೆ ಸಂಶಯವೇ ಇರಲಿಲ್ಲ. ಸಾಂಗಲಿಯ ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ವಾದಿಸಿದವಳು ನಾನು. ಮೊದಲ ನಿಮಿಷದಲ್ಲೇ ಕೇಳುವವರನ್ನು ಹಿಡಿಯಬೇಕೆಂದು ಗೊತ್ತು. ಹಾಗಾಗಿ ಆರಗ ಊರಿನ ಆಯಿಯನ್ನು, ಅಂದರೆ ಅಪ್ಪನ ತಾಯಿಯನ್ನು, ಅಲ್ಲಿ ತಂದು ನಿಲ್ಲಿಸಿದ್ದೆ. ಬಟ್ಟೆಯಲ್ಲಿ ಸೋಸಿದರೆ ಬಾವಿಯ ನೀರು ಶುದ್ಧವಾಗುತ್ತದೆಂದು ನಂಬಿದ ಮುದುಕಿ. ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ನಿಲ್ಲುವುದಿಲ್ಲವೆಂದು ಅವಳಿಗೆ ತೋರಿಸಿಕೊಟ್ಟ ಹತ್ತು ವರ್ಷದ ಮೊಮ್ಮಗಳು. ಅಂಧಶ್ರದ್ಧೆಯ ಎದುರು ವಿಜ್ಞಾನ. ಅಂದು ನನ್ನ ಭಾಷಣವೆಲ್ಲ ಕೇಳಿ ಆಯಿ “ಆತು ಬಿಡವಾ” ಎಂದು ಮತ್ತೆ ಸೋಸಲು ಕುಳಿತಿದ್ದಳು. ಗೆದ್ದೆ ಎಂದುಕೊಂಡಿದ್ದೆ.

ಅರ್ಜಿ ಕಳಿಸಿದ ಎರಡನೆಯ ದಿನ, ರವಿವಾರ, ಆರಗಕ್ಕೆ ಹೋದೆ. ಆಯಿಯ ಮೊಣಕಾಲು ಬಾತಿತ್ತು. ಮನೆಗೆ ನಳ ಬಂದಿದ್ದರೂ ಕುಡಿಯಲು ಅವಳಿಗೆ ಬಾವಿಯ ನೀರೇ ಬೇಕು. ಎರಡು ಮಡಿಕೆಯ ಬಟ್ಟೆ ಬಿಗಿದು ಸೋಸಿದಳು. ಆಮೇಲೆ ಬಟ್ಟೆಯನ್ನು ತಿರುವಿ, ಸೋಸಿದ ನೀರಿನಿಂದಲೇ ಅದನ್ನು ಒಂದು ಚಿಕ್ಕ ಕೊಡದೊಳಗೆ ತೊಳೆದು, ಕೊಡವನ್ನು ನನ್ನ ಕೈಗೆ ಕೊಟ್ಟಳು.

“ಬಾವ್ಯಾಗ ಬಿಟ್ಟ ಬಾ.”

ಕಟ್ಟೆಯ ಮೇಲಿಂದ ಸುರಿಯಲು ಕೊಡ ಬಗ್ಗಿಸಿದೆ.

“ಏ ಏ ಏ! ಮ್ಯಾಲಿಂದ ಒಗೀಬ್ಯಾಡ! ಅಷ್ಟ ಎತ್ತರದಿಂದ ಬಿದ್ರ ಸಾಯ್ತಾವು!”

“ಏನ್ ಸಾಯ್ತಾವ್ರಿ ಆಯಿ?”

“ಜೀವಾ. ಬಟ್ಟ್ಯಾಗ ಸಿಕ್ಕಿದ್ದುವಲ್ಲಾ, ಅವು. ಅವರ ಮನೀಗೆ ಅವರನ್ನ ಮುಟ್ಟಸಬೇಕಲ್ಲ?”

ಕೊಡದ ತಳದಲ್ಲಿ ಒಂದು ಬಳೆಯಿತ್ತು. ಅದಕ್ಕೊಂದು ಹಗ್ಗ, ಕಂಠಕ್ಕೊಂದು ಹಗ್ಗ. ನೀರು ಮುಟ್ಟುವವರೆಗೆ ಇಳಿಸಿ, ತಳದ ಹಗ್ಗ ಎಳೆದರೆ ಕೊಡ ಮೆತ್ತಗೆ ಮಗುಚುತ್ತದೆ. ಚಿಕ್ಕಂದಿನಿಂದ ಕಂಡ ಕೊಡ. ಎಲ್ಲದಕ್ಕೂ ಪುರಾವೆ ಕೇಳುವ ನಾನು ಆ ಬಳೆ ಯಾಕೆ ಎಂದು ಮಾತ್ರ ಕೇಳಿರಲಿಲ್ಲ.

ಹಗ್ಗ ಕೈಯಲ್ಲಿರುವಾಗಲೇ ನನಗೆ ಹೊಳೆಯಿತು. ನೀರಿನಿಂದ ನಮ್ಮನ್ನು ಕಾಯಲು ಆಯಿ ಸೋಸುತ್ತಿರಲಿಲ್ಲ. ನಮ್ಮಿಂದ ಅವುಗಳನ್ನು ಕಾಯಲು ಸೋಸುತ್ತಿದ್ದಳು. ನಾನು ವಾದ ಮಾಡಿದ್ದು ಅವಳು ಆಡದೇ ಇದ್ದ ಮಾತಿನ ಮೇಲೆ. ಅದೇ ವಾದದ ಮೇಲೆ ನನ್ನ ಅರ್ಜಿ ನಿಂತಿತ್ತು, ಮತ್ತು ಅದನ್ನು ತಿದ್ದುವ ಬಟನ್ ಇರಲಿಲ್ಲ.

ಅಪ್ಪನಿಗೆ ಫೋನ್ ಮಾಡಿದೆ.

“ಅವರೇನ್ ಆರಗಕ್ಕ ಬಂದ ಬಾವಿ ನೋಡ್ತಾರೇನ?” ಎಂದರು. “ಸುಮ್ನ ಇರ. ನೀನ ಹೋಗಿ ತಪ್ಪಾಗೇತಿ ಅಂದ್ರ, ಹುಡುಗಿ ಭರವಸಾದಾಕಿ ಅಲ್ಲ ಅಂತಾರ.”

ಆ ವಾದದಲ್ಲಿ ಹುರುಳಿತ್ತು. ನಾನೇ ಆದರೂ ಹಾಗೇ ವಾದಿಸುತ್ತಿದ್ದೆ.

ಕಟ್ಟೆಯ ಮೇಲೆ ಕುಳಿತು ಆ ಪ್ಯಾರಾವನ್ನು ಆಯಿಗೆ ಕನ್ನಡದಲ್ಲಿ ಹೇಳಿದೆ. ಇಂಗ್ಲಿಷಿನಲ್ಲಿ ಚೆಂದ ಕಂಡದ್ದು ಅವಳ ಮುಖ ನೋಡುತ್ತ ಬಾಯಿಂದ ಹೊರಡಲೊಲ್ಲದಾಯಿತು. ‘ಅಂಧಶ್ರದ್ಧಾ’ ಎಂಬಲ್ಲಿ ದನಿ ತಗ್ಗಿಸಿದೆ.

“ಜೋರಾಗಿ ಹೇಳ. ಮೊಣಕಾಲ ಹೋಗೇತಿ, ಕಿವಿ ಹೋಗಿಲ್ಲ.”

ಹೇಳಿದೆ. ಆಯಿ ಬಟ್ಟೆ ಹಿಂಡಿದಳು.

“ಹಿಂಗ ಬರದ್ರ ಸೀಟ್ ಸಿಗತೈತೇನ?”

“ಸಿಗಬಹುದ್ರಿ.”

“ಹಂಗಾರ ಇರ್ಲಿ ಬಿಡ. ನನಗೇನ್ ಅಲ್ಲಿ ಅಡ್ಮಿಶನ್ ಬೇಕಾಗೇತೇನ ವಕೀಲಬಾಯಿ?”

ಅವಳು ಬೈದಿದ್ದರೆ ಉತ್ತರ ಕೊಡುತ್ತಿದ್ದೆ. ಹೀಗೆ ಬಿಟ್ಟುಕೊಟ್ಟರೆ ಏನು ಮಾಡುವುದು? ಅಲ್ಲೇ ಕುಳಿತು ಪ್ರವೇಶ ವಿಭಾಗಕ್ಕೆ ಬರೆದೆ: ಮೊದಲ ಪ್ಯಾರಾದಲ್ಲಿ ನನ್ನ ಅಜ್ಜಿಯ ಬಗ್ಗೆ ಬರೆದದ್ದು ತಪ್ಪು, ಅವಳು ಯಾಕೆ ಸೋಸುತ್ತಾಳೆಂದು ನಾನು ಕೇಳಿರಲಿಲ್ಲ, ಇಂದು ಗೊತ್ತಾಯಿತು, ಬ್ಯಾಕ್ಟೀರಿಯಾ ಬಟ್ಟೆಯನ್ನು ದಾಟುತ್ತದೆ ಎಂಬುದು ಈಗಲೂ ನಿಜ, ಆದರೆ ಅದು ಅವಳಿಗೆ ಉತ್ತರವಲ್ಲ. ಅದನ್ನೂ ಆಯಿಗೆ ಕನ್ನಡದಲ್ಲಿ ಹೇಳಿ ಕಳಿಸಿದೆ. ಈ ಸಲ ಒಂದೇ ಸಲ ಓದಿದ್ದೆ.

ಮೂರು ದಿನದ ಮೇಲೆ, ನಿಮ್ಮ ಪತ್ರವನ್ನು ಅರ್ಜಿಯ ಜೊತೆ ಇಡಲಾಗಿದೆ ಎಂಬ ಒಂದು ಸಾಲು ಬಂತು. ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ, ಇದನ್ನು ಬರೆಯುವವರೆಗೂ ಗೊತ್ತಾಗಿಲ್ಲ. ಅಪ್ಪ ಫಲಿತಾಂಶದ ಸುದ್ದಿಯನ್ನೇ ತೆಗೆಯುವುದಿಲ್ಲ. ಆಯಿ ಮಾತ್ರ ಮುಂದಿನ ಸಲ ನಾನು ಹೋದಾಗ ನೆರೆಮನೆಯಾಕೆ ಮಾವಶಿಯನ್ನು ಕೂಗಿ ಕರೆದಳು.

“ನನ್ನ ಮ್ಯಾಲ ಬರದಾಳವಾ ಈಕಿ, ಇಂಗ್ಲಿಷ್‌ನ್ಯಾಗ. ಎರಡ ಸಲಾ!”